ದೆರ್ನಕ್ಕನ ನೀಲಿ ಕಾರಿನ ಪ್ರಾಣ

ತುಂಬ ಹಿಂದಿನ ಮಾತೇನಲ್ಲ. ಬೆಟ್ಟದ ಹೆಗಲ ಮೇಲೆ ಕೂತ ಒಂದೂರಿನಲ್ಲಿ ಒಂದು ನೀಲಿ ಕಾರಿತ್ತು. ಹಿಮ ಬೀಳುವ ಮೊದಲು ಅದು ಮಲಗುತ್ತಿತ್ತು, ಹಿಮ ಕರಗಿದ ಮೇಲೆ ಏಳುತ್ತಿತ್ತು. ಕಥೆಗಳಲ್ಲಿ ರಾಕ್ಷಸನ ಪ್ರಾಣ ಅವನ ಮೈಯಲ್ಲಿರುವುದಿಲ್ಲವಲ್ಲ, ಏಳು ಸಮುದ್ರದಾಚೆ ಗಿಣಿಯ ಕೊರಳಲ್ಲಿರುತ್ತದಲ್ಲ, ಹಾಗೆ ಈ ಕಾರಿನ ಪ್ರಾಣವೂ ಮಲಗಿದಷ್ಟು ಕಾಲ ಅದರ ಮೈಯಲ್ಲಿರುತ್ತಿರಲಿಲ್ಲ. ಏಳು ಸಮುದ್ರ ದೂರದ ಮಾತಾಯಿತು. ಅದು ಇರುತ್ತಿದ್ದದ್ದು ಒಬ್ಬ ಹೆಂಗಸಿನ ಉಗ್ರಾಣದಲ್ಲಿ, ಈರುಳ್ಳಿ ಬುಟ್ಟಿಯ ಪಕ್ಕ, ಒಂದು ಹಲಗೆಯ ಮೇಲೆ.

ಒಂದು ವರ್ಷ ನವೆಂಬರಿನಲ್ಲಿ ಮಿರ್ಕಾ ಆ ಪ್ರಾಣವನ್ನು ಮಗುವಿನ ತಳ್ಳುಗಾಡಿಯಲ್ಲಿ ಕೂರಿಸಿ, ಮೇಲೊಂದು ಉಣ್ಣೆಯ ಶಾಲು ಹೊದಿಸಿ, ಚರ್ಚಿನ ಇಳಿಜಾರಿನಲ್ಲಿ ಜಗ್ಗಿ ಹಿಡಿದುಕೊಂಡು ಬರುತ್ತಿದ್ದಳು. ಪ್ರಾಣವೆಂದರೆ ಕಾರಿನ ಬ್ಯಾಟರಿ, ಇಪ್ಪತ್ತೆರಡು ಕಿಲೋ ಇತ್ತು. ಗಾಡಿಯ ಚಕ್ರಗಳು ಒಂದೊಂದು ಕಲ್ಲಿಗೂ ಕಿರ್ರೆನ್ನುತ್ತಿದ್ದವು. ಕಾಫಿ ಅಂಗಡಿಯ ಮುಂದೆ ಬಿಸಿಲು ಕಾಯಿಸುತ್ತ ಇಸ್ಪೀಟಾಡುತ್ತಿದ್ದ ಮುದುಕರು ಎಲೆ ಕೆಳಗಿಟ್ಟರು.

“ಏನೇ ಮಿರ್ಕಾ, ಯಾವಾಗ ಹೆತ್ತೆ? ಊರಿಗೊಂದು ಮಾತು ಹೇಳ್ಬಾರ್ದಾ?”

“ಅಪ್ಪ ಯಾರು ಅಂತಾದ್ರೂ ಹೇಳೇ, ನಾಮಕರಣದ ಸಕ್ಕರೆ ಬಾದಾಮಿ ಹಂಚ್ತೀವಿ.”

ಆಟೋ ಎಲೆಕ್ಟ್ರಿಷಿಯನ್ ಲೋರಿಸ್ ಮಾತ್ರ ಎದ್ದು ಬಂದ. ಊರಿನ ಟ್ರ್ಯಾಕ್ಟರು, ಜೀಪುಗಳ ಕರೆಂಟಿನ ಕೆಲಸವೆಲ್ಲ ಅವನದೇ, ಅದಕ್ಕೂ ಮೊದಲು ಅವನಪ್ಪನದು. ಶಾಲಿನ ಅಂಚೆತ್ತಿ ಇಣುಕಿದ.

“ಹನ್ನೆರಡು ವೋಲ್ಟಿನ ಕೂಸು ಕಣ್ರೋ,” ಎಂದು ಮುದುಕರಿಗೆ ಕೂಗಿ ಹೇಳಿದ. “ಇವಳನ್ನ ಹೋಲಲ್ಲ. ಥೇಟ್ ದೆರ್ನಕ್ಕ!”

ಎಲ್ಲರೂ ನಕ್ಕರು, ಮಿರ್ಕಾಳೂ ನಕ್ಕಳು. ಆದರೆ ದೆರ್ನಕ್ಕನ ಹೆಸರು ಬಂದದ್ದೇ ಒಬ್ಬ ಮುದುಕ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. “ಹೇಗಿದಾಳಂತೆ?” ಎಂದು ಮೆಲ್ಲಗೆ ಕೇಳಿದ.

ದೆರ್ನಾ ಆ ಊರಿನ ಶಾಲಾ ಬಸ್ಸನ್ನು ಮೂವತ್ತಮೂರು ವರ್ಷ ಓಡಿಸಿದವಳು. ಸುತ್ತಲ ಏಳು ಹಳ್ಳಿಯ ಮಕ್ಕಳಿಗೆ ಅವಳು ದೆರ್ನಕ್ಕ. ಆ ಮಕ್ಕಳಿಗೆ ಮಕ್ಕಳಾದ ಮೇಲೂ ದೆರ್ನಕ್ಕನೇ. ಮಿರ್ಕಾ ಆರನೇ ವಯಸ್ಸಿನಿಂದ ಹದಿನಾಲ್ಕರವರೆಗೆ ಅದೇ ಬಸ್ಸಿನ ಎರಡನೇ ಸೀಟಿನಲ್ಲಿ ಕೂತು ಹೋದವಳು. ಥರ್ಮಾಮೀಟರಿನ ಪಾದರಸ ಗೂಡು ಸೇರಿದ ಬೆಳಗುಗಳಲ್ಲೂ, ಅಕ್ಕಪಕ್ಕದ ಜೀಪುಗಳೆಲ್ಲ ಕೆಮ್ಮಿ ಕೆಮ್ಮಿ ಸುಮ್ಮನಾದಾಗಲೂ, ತಿರುವಿನಾಚೆಯಿಂದ ಆ ಹಳದಿ ಬಸ್ಸು ಗುಡುಗುಟ್ಟುತ್ತ ಬಂದೇ ಬರುತ್ತಿತ್ತು. ಅದು ಹೇಗೆ ಎಂದು ಚಿಕ್ಕಂದಿನಲ್ಲಿ ಮಿರ್ಕಾಗೆ ತಿಳಿದಿರಲಿಲ್ಲ. ಒಮ್ಮೆ ಸಂಜೆ ಹಾಲು ತರಲು ಹೋದಾಗ ಕಂಡಳು: ದೆರ್ನಕ್ಕ ಬಸ್ಸಿನ ಬ್ಯಾಟರಿಯನ್ನು ಹಿಮಗಾಡಿಯ ಮೇಲಿಟ್ಟು, ತನ್ನ ಕೋಟನ್ನೇ ಬಿಚ್ಚಿ ಅದಕ್ಕೆ ಸುತ್ತಿ, ಬರೀ ಸ್ವೆಟರಿನಲ್ಲಿ ಹಗ್ಗ ಹಿಡಿದು ಮನೆಗೆ ಎಳೆದೊಯ್ಯುತ್ತಿದ್ದಳು. ಆ ಹುಡುಗಿಗೆ ಅವತ್ತಿನಿಂದ ದೆರ್ನಕ್ಕನನ್ನು ಕಂಡರೆ ಒಂದು ಬಗೆಯ ಬೆರಗು. ಆ ಬೆರಗು ಅವಳ ಇಪ್ಪತ್ತಾರನೇ ವಯಸ್ಸಿಗೂ ಇಳಿದಿರಲಿಲ್ಲ.

ನಿವೃತ್ತಿಯಾದ ವಾರದಲ್ಲೇ ದೆರ್ನಾ ಮೊದೆನಾ ಪಟ್ಟಣಕ್ಕೆ ಬಸ್ಸಿನಲ್ಲಿ ಹೋಗಿ ಎರಡೇ ಸೀಟಿನ, ನೆಲಕ್ಕೆ ಅಂಟಿದಂತಿದ್ದ, ಯಾರೋ ಓಡಿಸಿ ಬಿಟ್ಟ ಆ ನೀಲಿ ಕಾರು ತಂದಿದ್ದಳು. “ಇಷ್ಟು ವರ್ಷ ನಲವತ್ತು ಸೀಟು ಎಳ್ದಿದೀನಿ, ಇನ್ನು ಎರಡು ಸಾಕು,” ಎಂದಿದ್ದಳಷ್ಟೆ. ಬೇಸಿಗೆಯಲ್ಲಿ ಆ ಕಾರು ಕಣಿವೆಯ ತಿರುವುಗಳಲ್ಲಿ ಹಾಡಿಕೊಂಡು ಹೋಗುವುದನ್ನು ಹೊಲದಲ್ಲಿದ್ದವರು ಸೊಂಟ ನೇರ ಮಾಡಿ ನೋಡುತ್ತಿದ್ದರು. ನವೆಂಬರಿನ ಸಂತ ಮಾರ್ತಿನೊ ಹಬ್ಬ ಬಂತೆಂದರೆ ಅದಕ್ಕೆ ನಿದ್ದೆ, ಮಾರ್ಚಿನ ಸಂತ ಜ್ಯುಸೆಪ್ಪೆ ಹಬ್ಬಕ್ಕೆ ಎಚ್ಚರ. ಹನ್ನೆರಡು ವರ್ಷ ಈ ಕ್ರಮ ತಪ್ಪಿರಲಿಲ್ಲ. ಈ ಸಲ ಸಂತ ಮಾರ್ತಿನೊ ಹಬ್ಬಕ್ಕೆ ಮೂರು ದಿನವಿರುವಾಗ ದೆರ್ನಾ ತನ್ನ ಮನೆಯ ಮೆಟ್ಟಿಲಲ್ಲೇ ಜಾರಿ ಸೊಂಟದ ಮೂಳೆ ಮುರಿದುಕೊಂಡಳು.

ಆಸ್ಪತ್ರೆಯಲ್ಲಿ ಮಿರ್ಕಾ ನೋಡಲು ಹೋದಾಗ ದೆರ್ನಾಳ ಅಣ್ಣನ ಮಗ ವಿಲ್ಮೆರ್ ಅಲ್ಲೇ ಇದ್ದ. ಪಂಚಾಯತಿ ಕಚೇರಿಯಲ್ಲಿ ಜಮೀನು ಅಳೆಯುವ ಕೆಲಸ ಅವನದು. ಅಚ್ಚುಕಟ್ಟು ಮನುಷ್ಯ, ಅತ್ತೆಯ ಹಣ್ಣಿನ ಸಿಪ್ಪೆಯನ್ನೂ ಮಡಚಿ ಕಾಗದದಲ್ಲಿ ಕಟ್ಟಿಡುತ್ತಿದ್ದ.

“ಅತ್ತೆ, ಆ ಕಾರಿನ ಸೀಟು ನೆಲದಿಂದ ಒಂದೂವರೆ ಗೇಣಿಲ್ಲ. ಕೂತ್ರೆ ಏಳೋದು ಹೇಗೆ? ಬೊಲೋನ್ಯಾದಲ್ಲಿ ಒಬ್ರು ಕೇಳ್ತಿದಾರೆ, ಒಳ್ಳೇ ಜನ. ಕೊಟ್ಬಿಡೋಣ.”

ದೆರ್ನಾ ಚಾವಣಿ ನೋಡುತ್ತ ಮಲಗಿದ್ದಳು. ಕಾಲಿನೊಳಗೆ ಸರಳು ಹಾಕಿ ಎರಡೇ ದಿನವಾಗಿತ್ತು. “ಸಂತ ಜ್ಯುಸೆಪ್ಪೆ ದಿನ ನಾನು ಬರ್ತೀನಿ,” ಎಂದಳು. “ನಾನೇ ಕೂರ್ತೀನಿ. ಯಾರೂ ಮುಟ್ಟಬಾರ್ದು. ಕೀಲಿ ತಿರುಗಿಸ್ತೀನಿ. ಒಂದೇ ಸಲಕ್ಕೆ ಎದ್ರೆ ಕಾರು ನಂದು. ನಾನು ಕೂರೋಕಾಗ್ದಿದ್ರೆ, ಇಲ್ಲಾ ಅದು ಏಳೋಕಾಗ್ದಿದ್ರೆ, ನಿನ್ನ ಮಾರಾಟದ ಕಾಗದ ಎಲ್ಲಿದೆ ಕೊಡು, ಸಹಿ ಹಾಕ್ತೀನಿ. ಆಗಬಹುದಾ?”

ವಿಲ್ಮೆರ್‌ನಿಗೆ ನಗು ಬಂತು, ತಡೆದುಕೊಂಡ. ನಾಲ್ಕು ತಿಂಗಳಲ್ಲಿ ಎಪ್ಪತ್ನಾಲ್ಕರ ಮುದುಕಿಯೂ ಏಳುವುದಿಲ್ಲ, ಒಂಟಿ ಬಿಟ್ಟ ಬ್ಯಾಟರಿಯೂ ಏಳುವುದಿಲ್ಲ ಎಂದು ಅವನ ಲೆಕ್ಕ. “ಆಯ್ತತ್ತೆ,” ಎಂದ.

ಅವನು ಕಾಫಿಗೆಂದು ಹೊರಗೆ ಹೋದದ್ದೇ ದೆರ್ನಾ ಮಿರ್ಕಾಳ ಮಣಿಕಟ್ಟು ಹಿಡಿದಳು. ಕೈಯಲ್ಲಿ ಬಸ್ಸಿನ ಕಾಲದ ಬಿಗಿ ಹಾಗೇ ಇತ್ತು.

“ಗ್ಯಾರೇಜಲ್ಲಿ ಕರೆಂಟಿಲ್ಲ, ನಿನಗೇ ಗೊತ್ತು. ಬ್ಯಾಟರಿ ಬಿಚ್ಚಿ ಮನೆಗೆ ತಗೊಂಡ್ಹೋಗ್ಬೇಕು. ಕಾರಿಗೆ ಬೀಗ ಹಾಕಿ ಕಾಲು ಗಂಟೆ ಸುಮ್ನೆ ನಿಂತ್ಕೊ, ಒಳಗಿನ ಕಂಪ್ಯೂಟರೆಲ್ಲ ಮಲಗ್ಲಿ. ಬಿಚ್ಚುವಾಗ ಕಪ್ಪು ಮೊದಲು. ಹಾಕುವಾಗ ಕೆಂಪು ಮೊದಲು. ಬಾನೆಟ್ ಮಾತ್ರ ಮುಚ್ಚಬೇಡ, ಬೀಗದ ಬಾಯಿಗೆ ಬಟ್ಟೆ ತುರುಕು. ಕೇಳಿಸ್ತಾ? ಮನೇಲಿ ಹಲಗೆ ಮೇಲಿಡು. ಚಾರ್ಜರ್ ಉಗ್ರಾಣದಲ್ಲಿದೆ. ಭಾನುವಾರ ಭಾನುವಾರ ತಂತಿ ತೆಗೆದು, ಎರಡು ಗಂಟೆ ಬಿಟ್ಟು, ಮೀಟರಲ್ಲಿ ನೋಡಿ ನನಗೆ ಫೋನ್ ಮಾಡು. ಹನ್ನೆರಡೂವರೆ ವೋಲ್ಟಿಗಿಂತ ಕೆಳಗಿಳಿದ್ರೆ ಬೈತೀನಿ.”

“ಸರಿ ದೆರ್ನಕ್ಕ.”

“ಇನ್ನೊಂದು. ಚೆನ್ನಾಗಿದೆಯಾ ಅಂತ ಪರೀಕ್ಷೆ ಮಾಡೋಕೆ ಮಧ್ಯೆ ಎಂಜಿನ್ ಹೊಡೀಬೇಡ. ಐದು ನಿಮಿಷ ಓಡಿಸಿ ನಿಲ್ಸಿದ್ರೆ ಕೊಟ್ಟಿದ್ದಕ್ಕಿಂತ ಕಿತ್ಕೊಂಡಿದ್ದೇ ಜಾಸ್ತಿ. ಕೀಲಿಯ ಮೊದಲ್ನೇ ತಿರುವು ನಂದು. ಮಾತು ಕೊಡು.”

ಮಿರ್ಕಾ ಮಾತು ಕೊಟ್ಟಳು.

ಅವಳಿಗೆ ಇಂಥ ಕೆಲಸ ಹೊಸದಲ್ಲ. ಊರಿನ ಚೀಸ್ ಮಾಡುವ ಕಾರ್ಖಾನೆಯಲ್ಲಿ ಹಣ್ಣಾಗಲು ಇಟ್ಟ ಗಾಲಿಯಂಥ ಚೀಸುಗಳನ್ನು ನೋಡಿಕೊಳ್ಳುವವಳು ಅವಳು. ಒಂದೊಂದು ಗಾಲಿ ಎರಡು ವರ್ಷ ಮರದ ಹಲಗೆಯ ಮೇಲೆ ಸುಮ್ಮನೆ ಕೂರಬೇಕು. ಹೊರಗಿನಿಂದ ನೋಡಿದವರಿಗೆ ಅಲ್ಲಿ ಏನೂ ನಡೆಯುತ್ತಿಲ್ಲ. ಮಿರ್ಕಾ ಮಾತ್ರ ಅವನ್ನು ಒರೆಸಿ, ಮಗುಚಿ, ಪುಟ್ಟ ಸುತ್ತಿಗೆಯಿಂದ ತಟ್ಟಿ ಕಿವಿಗೊಡುತ್ತಾಳೆ. ಒಳಗೆ ಬಿರುಕಿದ್ದರೆ ದನಿ ಬೇರೆ. ಕಾರ್ಖಾನೆಯ ಮಹಡಿಯ ಮೇಲೆಯೇ ಅವಳ ಎರಡು ಕೋಣೆಯ ಮನೆ. ಬ್ಯಾಟರಿಯನ್ನು ದೆರ್ನಾಳ ಉಗ್ರಾಣದಲ್ಲಿ ಒಂಟಿಯಾಗಿ ಬಿಡಲು ಮನಸ್ಸು ಬಾರದೆ, ಆ ಹಲಗೆ, ಚಾರ್ಜರುಗಳ ಸಮೇತ ತನ್ನ ಅಡುಗೆಮನೆಯ ಮೂಲೆಗೇ ತಂದುಕೊಂಡಳು.

“ಹಲಗೆ ಯಾಕೆ?” ಎಂದು ಲೋರಿಸ್ ಒಮ್ಮೆ ಬಂದಾಗ ಹೀಯಾಳಿಸಿದ. “ಅದೆಲ್ಲ ನಮ್ಮಜ್ಜನ ಕಾಲದ್ದು, ಮರದ ಡಬ್ಬಿ ಬ್ಯಾಟರಿ ಇದ್ದಾಗ. ಈಗ ಪ್ಲಾಸ್ಟಿಕ್ಕು. ನೆಲದ ಮೇಲಿಟ್ರೂ ಒಂದೇ, ನಿನ್ನ ಹಾಸಿಗೆ ಮೇಲಿಟ್ರೂ ಒಂದೇ.”

“ದೆರ್ನಕ್ಕ ಹಲಗೆ ಅಂದಿದಾಳೆ.”

“ಹಾಗಾದ್ರೆ ಹಲಗೆ,” ಎಂದ ಲೋರಿಸ್.

ಭಾನುವಾರಗಳು ಬಂದವು. ಮಿರ್ಕಾ ಬೆಳಗಿನ ಪಾಳಿ ಮುಗಿಸಿ ಬಂದು, ಚಾರ್ಜರಿನ ತಂತಿ ತೆಗೆದು, ಅನ್ನಕ್ಕೋ ಸೂಪಿಗೋ ಇಟ್ಟು, ಎರಡು ಗಂಟೆ ಕಳೆದ ಮೇಲೆ ಮೀಟರಿನ ತಂತಿ ಕಚ್ಚಿಸಿ ಫೋನ್ ಮಾಡುತ್ತಿದ್ದಳು.

“ಹನ್ನೆರಡು ಪಾಯಿಂಟ್ ಎಂಟು, ದೆರ್ನಕ್ಕ.”

“ಹೂಂ. ನಂದು ಐವತ್ತೆರಡು.”

“ಏನು ಐವತ್ತೆರಡು?”

“ಕುರ್ಚಿ. ಸೆಂಟಿಮೀಟರು. ಇವತ್ತು ಐವತ್ತೆರಡರ ಕುರ್ಚಿ ಮೇಲೆ ಕೂತು ಎದ್ದೆ, ಯಾರ ಕೈಯೂ ಹಿಡೀದೆ. ಕಾರಿನ ಸೀಟು ಮೂವತ್ತು. ಇಲ್ಲೊಬ್ಳು ಕಾಲಿಗೆ ವ್ಯಾಯಾಮ ಮಾಡಿಸೋ ಹುಡುಗಿ ಇದಾಳೆ, ಅವಳಿಗೆ ಗುಟ್ಟು ಹೇಳಿದೀನಿ. ಡಾಕ್ಟ್ರು ಫೆಬ್ರವರಿ ತನಕ ತಗ್ಗಿನ ಕುರ್ಚಿ ಬೇಡ ಅಂದಿದಾರೆ. ಆಮೇಲೆ ನೋಡು.”

ಅಂದಿನಿಂದ ಪ್ರತಿ ಭಾನುವಾರ ಎರಡು ಸಂಖ್ಯೆಗಳು ಬೆಟ್ಟ ಹತ್ತಿ ಇಳಿದವು. ಒಂದು ಇದ್ದಲ್ಲೇ ಇರಬೇಕು, ಇನ್ನೊಂದು ಇಳಿಯಬೇಕು. ಜನವರಿಯಲ್ಲಿ ಹಿಮದ ಭಾರಕ್ಕೆ ತಂತಿ ಹರಿದು ಊರಿಗೆ ಎರಡು ದಿನ ಕರೆಂಟಿರಲಿಲ್ಲ. ಚಾರ್ಜರಿನ ಹಸಿರು ದೀಪ ಆರಿತು. ಮಿರ್ಕಾ ಬ್ಯಾಟರಿಗೆ ತನ್ನ ಕಂಬಳಿ ಹೊದಿಸಿ, ತಾನು ಕೋಟು ಹಾಕಿಕೊಂಡು ಮಲಗಿದಳು. ಕೇಳಿ ದೆರ್ನಾ ಗಹಗಹಿಸಿದಳು. “ಹೊಟ್ಟೆ ತುಂಬಿದ ಬ್ಯಾಟರಿಗೆ ಚಳಿ ಆಗಲ್ಲ ಕಣೆ ಪೆದ್ದಿ. ಹಸಿದಿದ್ರೆ ಮಾತ್ರ ಮರಗಟ್ಟೋದು.” ಆಮೇಲೆ, “ನಲವತ್ತೆಂಟು,” ಎಂದಳು.

ಫೆಬ್ರವರಿಯಲ್ಲಿ ನಲವತ್ತೊಂದು. ಮಾರ್ಚಿನ ಮೊದಲ ಭಾನುವಾರ ಮೂವತ್ತಾರು, ಆದರೆ ಏಳುವಾಗ ವ್ಯಾಯಾಮದ ಹುಡುಗಿಯ ಹೆಗಲು ಬೇಕಾಗಿತ್ತು ಎಂದು ತಾನೇ ಒಪ್ಪಿಕೊಂಡಳು. ಮುಂದಿನ ಭಾನುವಾರ ಮೂವತ್ತೆರಡು, ಹೆಗಲಿಲ್ಲದೆ. ಮಿರ್ಕಾ ಫೋನಿಟ್ಟು ಅಡುಗೆಮನೆಯಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದಳು.

ಸಂತ ಜ್ಯುಸೆಪ್ಪೆ ಹಬ್ಬದ ಹಿಂದಿನ ದಿನ ಮಧ್ಯಾಹ್ನ ಅವಳು ಬ್ಯಾಟರಿಯನ್ನು ಮತ್ತೆ ತಳ್ಳುಗಾಡಿಯಲ್ಲಿ ಏರಿಸಿ ಗ್ಯಾರೇಜಿಗೆ ಒಯ್ದಳು. ಬಾಗಿಲ ಒಂದು ರೆಕ್ಕೆ ತೆರೆದು ಒಳಗೆ ಹೆಜ್ಜೆ ಇಟ್ಟವಳು ಅಲ್ಲೇ ನಿಂತಳು.

ಬಾನೆಟ್ ಮುಚ್ಚಿತ್ತು.

ಬೀಗದ ಬಾಯಿಗೆ ತುರುಕಿದ್ದ ಬಟ್ಟೆಯನ್ನು ಯಾರೋ ತೆಗೆದು, ನಾಲ್ಕು ಮಡಿಕೆ ಮಾಡಿ, ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದರು. ಆ ನಾಲ್ಕು ಮಡಿಕೆ ಕಂಡದ್ದೇ ಯಾರೆಂದು ಗೊತ್ತಾಯಿತು. ಮಿರ್ಕಾ ಬಾನೆಟ್ಟಿನ ಅಂಚಿಗೆ ಬೆರಳಿಟ್ಟು ಎತ್ತಿದಳು. ಅಲುಗಲಿಲ್ಲ. ಒಳಗೆ ಕೂತು ಅದರ ಹಿಡಿ ಎಳೆದಳು. ಹಿಡಿ ಸುಮ್ಮನೆ ಬಂದು ಸುಮ್ಮನೆ ಹೋಯಿತು. ಆ ಕಾರಿನ ಬಾನೆಟ್ಟಿನ ಬೀಗ ಕರೆಂಟಿನಲ್ಲಿ ತೆರೆಯುವಂಥದ್ದು. ಕರೆಂಟು ಕೊಡುವ ಬ್ಯಾಟರಿ ಹೊರಗೆ ತಳ್ಳುಗಾಡಿಯಲ್ಲಿ ಶಾಲು ಹೊದ್ದು ಕೂತಿದೆ; ಅದು ಕೂರಬೇಕಾದ ಜಾಗ ಆ ಬಾನೆಟ್ಟಿನ ಕೆಳಗಿದೆ.

ಫೋನ್ ಮಾಡಿದಾಗ ವಿಲ್ಮೆರ್ ಕಚೇರಿಯಿಂದ ಓಡಿ ಬಂದ. ಬೊಲೋನ್ಯಾದವರು ಮೊನ್ನೆ ಬಂದು ನೋಡಿಹೋದದ್ದು ನಿಜ. “ಬಾಯಿ ತಕ್ಕೊಂಡು ನಿಂತಿತ್ತು ಮಿರ್ಕಾ, ನೋಡೋಕೆ ಒಂಥರಾ ಕಾಣ್ತಿತ್ತು. ಹೀಗೆ ಒತ್ತಿದೆ, ಅಷ್ಟೆ. ಟಕ್ ಅಂತು.” ಅವನ ಮುಖ ಬೆಳ್ಳಗಾಗಿತ್ತು. “ದೇವರಾಣೆ, ಬೇಕೂಂತ ಮಾಡಿದ್ದಲ್ಲ. ಮೋಸದಲ್ಲಿ ಗೆಲ್ಲೋ ಮನುಷ್ಯ ಅಲ್ಲ ನಾನು.”

ಅವನು ಸುಳ್ಳು ಹೇಳುತ್ತಿಲ್ಲವೆಂದು ಮಿರ್ಕಾಗೆ ಗೊತ್ತಿತ್ತು. ಅದರಿಂದ ಬಾನೆಟ್ ತೆರೆಯುವಂತಿದ್ದರೆ ಚೆನ್ನಾಗಿತ್ತು.

ಲೋರಿಸ್ ಒಂದು ಹಾರೆ, ಎರಡು ಸ್ಕ್ರೂಡ್ರೈವರು, ಒಂದು ಜೊತೆ ದಪ್ಪ ಕೇಬಲ್ಲು ಹೊತ್ತು ಬಂದ. ಕಾರನ್ನು ಎರಡು ಸುತ್ತು ಹಾಕಿ ಗದ್ದ ಕೆರೆದುಕೊಂಡ. “ಟ್ರ್ಯಾಕ್ಟರಿಗೆ ಇಂಥ ಸೋಗಿಲ್ಲ. ಇಲ್ಲಿ ಅಂಚಲ್ಲಿ ಹಾರೆ ಕೊಟ್ಟು ಒಂದು ಮೀಟಿದ್ರೆ ಬರುತ್ತೆ. ಬಣ್ಣ ಸ್ವಲ್ಪ ಹೋಗುತ್ತೆ. ತಗಡೂ ಸ್ವಲ್ಪ.”

“ಮುಟ್ಟಿದ್ರೆ ನೋಡು!” ಎಂದಳು ಮಿರ್ಕಾ. ತನ್ನ ದನಿ ಕೇಳಿ ತನಗೇ ಆಶ್ಚರ್ಯವಾಯಿತು.

ಉಳಿದಿದ್ದದ್ದು ಒಂದೇ ದಾರಿ. ಅವಳು ಫೋನಿನಲ್ಲಿ ದೆರ್ನಕ್ಕನ ನಂಬರು ತೆಗೆದಳು. ನಾಲ್ಕು ತಿಂಗಳು ಒಂದೇ ಒಂದು ಕೆಟ್ಟ ಸಂಖ್ಯೆ ಹೇಳದವಳು ಇವತ್ತು ಏನೆಂದು ಹೇಳುವುದು? ಒತ್ತಿದಳು. ದೆರ್ನಾ ಎತ್ತಿದಳು. ಮಿರ್ಕಾ ನಡೆದದ್ದನ್ನು ಒಂದೇ ಉಸಿರಿಗೆ ಹೇಳಿ, ಬೈಗುಳಕ್ಕೆ ಕಾದಳು.

ಆಚೆಯಿಂದ ನಗು ಬಂತು.

“ಯಾರು ಮುಚ್ಚಿದ್ದು? ವಿಲ್ಮೆರ್‌ನಾ? ಅಯ್ಯೋ, ಅವನನ್ನ ಬೈಬೇಡ. ಮೊದಲ್ನೇ ಚಳಿಗಾಲ ನಾನೇ ಮುಚ್ಚಿದ್ದೆ. ಬ್ಯಾಟರಿ ಹೊರಗಿಟ್ಟು, ಎಲ್ಲಾ ಒರೆಸಿ, ಠೀವಿಯಿಂದ ಮುಚ್ಚಿದೆ. ಮೂರು ದಿನ ಅದರ ಮುಂದೆ ಕೂತು ಅತ್ತಿದೀನಿ, ಯಾರಿಗೂ ಹೇಳಿಲ್ಲ. ಸ್ಪೀಕರ್ ಹಾಕು. ಲೋರಿಸ್ ಇದಾನಾ ಅಲ್ಲಿ?”

“ಇದೀನಿ ದೆರ್ನಕ್ಕ.”

“ಹಾರೆ ತಂದಿರ್ತೀಯ. ಕೆಳಗಿಡು.”

ಲೋರಿಸ್ ಹಾರೆ ಕೆಳಗಿಟ್ಟ.

“ಮಿರ್ಕಾ, ಡ್ರೈವರ್ ಬಾಗಿಲ ಪೂರ್ತಿ ತೆಗಿ. ಮಂಡಿ ಊರು. ಕಾಲಿಡೋ ಜಾಗದ ಎಡಗಡೆ ಗೋಡೇಲಿ ಒಂದು ಮುಚ್ಚಳ, ಉಗುರು ಹಾಕಿ ಎಳಿ. ಫ್ಯೂಸ್ ಸಾಲು ಕಾಣುತ್ತಾ? ಅದರಲ್ಲಿ ಒಂದು ಕೆಂಪು ಗೂಟ ಇದೆ, ಮಕ್ಕಳ ಹಲ್ಲಿನಷ್ಟು. ಈಚೆ ಎಳಿ.”

ನಾನೂರು ಮೈಲಿ ದೂರದಲ್ಲಿದ್ದರೂ ಅಷ್ಟೇ ಸಲೀಸಾಗಿ ಹೇಳುತ್ತಿದ್ದಳೇನೋ; ಕಣ್ಣು ಮುಚ್ಚಿ ಆ ಕಾರಿನೊಳಗೆ ಕೈಯಾಡಿಸುತ್ತಿರುವಂತೆ ಅವಳ ದನಿಯಿತ್ತು. ಮಿರ್ಕಾಳ ಬೆರಳಿಗೆ ಗೂಟ ಸಿಕ್ಕಿತು. ಎಳೆದಾಗ ಬಂತು.

“ಈಗ ಲೋರಿಸ್‌ನ ಕೇಬಲ್. ಬ್ಯಾಟರಿ ಕೆಂಪಿಂದ ಆ ಗೂಟಕ್ಕೆ. ಕಪ್ಪಿಂದ ಬಾಗಿಲ ಕೊಂಡಿ ಕಚ್ಕೊಳ್ಳೋ ಕಬ್ಬಿಣಕ್ಕೆ. ಕಚ್ಚಿಸಿದ ತಕ್ಷಣ ಕಾರಿನ ಅಲಾರಂ ಬಾಯಿ ಬಡ್ಕೊಳ್ಳುತ್ತೆ, ಹೆದರ್ಬೇಡ, ಕೀಲಿ ಮೇಲಿನ ಗುಂಡಿ ಒತ್ತು. ಎಂಜಿನ್ ತಿರುಗಿಸೋಕೆ ಹೋಗ್ಬೇಡ, ಆ ಗೂಟದ ತಂತಿ ಅಷ್ಟು ತಡೆಯಲ್ಲ, ಸುಟ್ಟು ಹೋಗುತ್ತೆ.”

ಕಪ್ಪು ಕಚ್ಚಿದ್ದೇ ಕಾರು ಊರಿಗೆಲ್ಲ ಕೇಳುವಂತೆ ಅರಚಿತು. ವಿಲ್ಮೆರ್ ಎರಡು ಕಿವಿ ಮುಚ್ಚಿಕೊಂಡ. ಕಾಫಿ ಅಂಗಡಿಯ ಮುದುಕರೆಲ್ಲ ಗ್ಯಾರೇಜಿನ ಬಾಗಿಲಿಗೆ ಬಂದು ಸಾಲಾಗಿ ನಿಂತರು. “ಕೂಸು ಅಳ್ತಿದೆ ಕಣ್ರಪ್ಪೋ,” ಎಂದನೊಬ್ಬ. ಮಿರ್ಕಾ ಕೀಲಿಯ ಗುಂಡಿ ಒತ್ತಿದಳು, ಸದ್ದು ನಿಂತಿತು. ಬಾನೆಟ್ಟಿನ ಹಿಡಿ ಎಳೆದಳು.

ಟಕ್.

ನೀಲಿ ಮುಚ್ಚಳ ಒಂದು ಬೆರಳಷ್ಟು ಮೇಲೆದ್ದು ನಿಂತಿತು. ಮುದುಕರು ಕೂಗಿದರು. ಲೋರಿಸ್ ತನ್ನ ಹಾರೆಯನ್ನು ಮೆಲ್ಲಗೆ ಕಾಲಲ್ಲಿ ನೂಕಿ ಗೋಡೆಗೆ ಸರಿಸಿದ. “ಐವತ್ತು ವರ್ಷದ ಕಸುಬು ನಮ್ಮನೇದು,” ಎಂದು ಫೋನಿನ ಹತ್ತಿರ ಬಾಗಿ ಹೇಳಿದ, “ಈ ಗೂಟ ನನಗೆ ಗೊತ್ತಿರಲಿಲ್ಲ ದೆರ್ನಕ್ಕ.”

“ಈಗ ಗೊತ್ತಾಯ್ತಲ್ಲ. ಮಿರ್ಕಾ, ಮೀಟರ್ ಹಾಕು.”

“ಹನ್ನೆರಡು ಪಾಯಿಂಟ್ ಏಳು.”

“ನಂದು ಮೂವತ್ತೊಂದು,” ಎಂದು ಹೇಳಿ ದೆರ್ನಾ ಫೋನಿಟ್ಟಳು.

ಬ್ಯಾಟರಿಯನ್ನು ಅದರ ಜಾಗದಲ್ಲಿ ಕೂರಿಸಿ, ಕೆಂಪು ಮೊದಲು, ಆಮೇಲೆ ಕಪ್ಪು, ನಟ್ಟು ಬಿಗಿಯುವಷ್ಟರಲ್ಲಿ ಮುದುಕರು ಚದುರಿದ್ದರು. ವಿಲ್ಮೆರ್ ಮಾತ್ರ ಉಳಿದಿದ್ದ. “ಒಂದೇ ಒಂದು ಸಲ ಎಂಜಿನ್ ಹೊಡೆದು ನೋಡ್ಬಿಡು,” ಎಂದ. “ನಾಳೆ ಏಳ್ದೇ ಹೋದ್ರೆ ಅತ್ತೆ ಮುಖ ನೋಡೋಕಾಗಲ್ಲ ನನ್ನ ಕೈಲಿ. ನಾನು ಯಾರಿಗೂ ಹೇಳಲ್ಲ.”

ಮಿರ್ಕಾ ಕೀಲಿಯನ್ನು ಅಂಗೈಯಲ್ಲಿ ಹಿಡಿದಿದ್ದಳು. ಅವಳಿಗೂ ಅದೇ ಆಸೆ. ಚೀಸಿನ ಗಾಲಿಯಾದರೆ ತಟ್ಟಿ ನೋಡಬಹುದು, ಇದನ್ನು ತಟ್ಟುವಂತಿಲ್ಲ. ಕೇಬಲ್ಲು ಕಚ್ಚಿಸುವಾಗ ಏನಾದರೂ ಸುಟ್ಟಿದ್ದರೆ? ನಾಲ್ಕು ತಿಂಗಳ ಚಳಿಗೆ ಬೇರೆ ಯಾವುದೋ ತಂತಿ ಸತ್ತಿದ್ದರೆ? ಒಂದು ಅರ್ಧ ತಿರುವು ಸಾಕು ತಿಳಿಯಲು.

“ಮೊದಲ್ನೇ ತಿರುವು ಅವಳದು,” ಎಂದು ಕೀಲಿಯನ್ನು ಜೇಬಿಗೆ ಹಾಕಿದಳು.

ಮಾರನೆಯ ದಿನ ಹನ್ನೊಂದು ಗಂಟೆಗೆ ವಿಲ್ಮೆರ್ ಅತ್ತೆಯನ್ನು ಕರೆತಂದ. ಹಬ್ಬದ ಬಿಸಿಲು. ಯಾರದೋ ಮನೆಯಿಂದ ಹಣ್ಣಿನ ಪಾಕ ತುಂಬಿ ಬೇಯಿಸುವ ಸಿಹಿಯ ವಾಸನೆ ಬರುತ್ತಿತ್ತು. ದೆರ್ನಾ ಮೊದಲಿಗಿಂತ ತೆಳ್ಳಗಾಗಿದ್ದಳು, ಕೂದಲು ಗಿಡ್ಡ ಮಾಡಿಸಿದ್ದಳು. ನಡೆಗೋಲಿನ ಚೌಕಟ್ಟು ಊರುತ್ತ ಗ್ಯಾರೇಜಿನ ತೆರೆದ ಅರ್ಧ ಬಾಗಿಲಿನಿಂದ ಒಳಗೆ ಬಂದಳು. ಕಾರನ್ನು ನೋಡಲಿಲ್ಲ, ಮೊದಲು ಮಿರ್ಕಾಳನ್ನು ನೋಡಿದಳು. ಕೀಲಿಗೆ ಕೈ ಚಾಚಿದಳು.

ಕಾರಿಗೆ ಬೆನ್ನು ಮಾಡಿ ನಿಂತಳು. ಒಂದು ಕೈ ಬಾಗಿಲ ಮೇಲೆ, ಇನ್ನೊಂದು ಚಾವಣಿಯ ಅಂಚಿನ ಮೇಲೆ. ವಿಲ್ಮೆರ್‌ನ ಕೈಗಳು ತಾವೇ ಮುಂದೆ ಬಂದವು. ದೆರ್ನಾ ನೋಡಿದಳಷ್ಟೆ, ಅವು ಹಿಂದೆ ಹೋಗಿ ಕಂಕುಳಲ್ಲಿದ್ದ ಮಾರಾಟದ ಕಾಗದದ ಕಡತವನ್ನು ಹಿಡಿದುಕೊಂಡವು. ಅವಳು ಇಳಿಯತೊಡಗಿದಳು. ಒಂದೊಂದು ಸೆಂಟಿಮೀಟರೂ ಕಾಣುತ್ತಿತ್ತು. ನಲವತ್ತೆಂಟು, ನಲವತ್ತೊಂದು, ಮೂವತ್ತಾರು. ಅಲ್ಲಿ ಒಮ್ಮೆ ತಡೆದಳು, ತುಟಿ ಕಚ್ಚಿದಳು, ತೊಡೆಯಲ್ಲಿ ನಡುಕ ಎದ್ದಿತು. ಮಿರ್ಕಾ ತನ್ನ ಕೈಗಳನ್ನು ಬೆನ್ನ ಹಿಂದೆ ಒಂದಕ್ಕೊಂದು ಕಟ್ಟಿಕೊಂಡಳು. ದೆರ್ನಾ ಉಸಿರು ಬಿಟ್ಟು ಉಳಿದದ್ದನ್ನೂ ಇಳಿದು ಕೂತಳು. ಬಲಗಾಲನ್ನು ಒಳಗಿಟ್ಟಳು. ಎಡಗಾಲನ್ನು ಎರಡೂ ಕೈಯಿಂದ ಎತ್ತಿ, ಬೇರೆ ಯಾರದೋ ವಸ್ತುವನ್ನು ಜೋಪಾನವಾಗಿ ಇಡುವಂತೆ, ಒಳಗಿಟ್ಟುಕೊಂಡಳು.

“ಹೂಂ,” ಎಂದಳು. ಹಣೆಯ ಮೇಲೆ ಬೆವರಿತ್ತು.

ಕೀಲಿ ಹಾಕಿ ಅರ್ಧ ತಿರುಗಿಸಿ ನಿಲ್ಲಿಸಿದಳು. ದೀಪಗಳು ಹೊತ್ತಿದವು. ಸೀಟಿನ ಹಿಂದೆ ಎಲ್ಲೋ ಪೆಟ್ರೋಲಿನ ಪಂಪು ಸಣ್ಣಗೆ ಗುಂಯ್ಗುಟ್ಟಿ ಸುಮ್ಮನಾಯಿತು. ಅವಳು ಅದನ್ನು ಕೊನೆಯವರೆಗೆ ಕೇಳಿಸಿಕೊಂಡಳು. ಆಮೇಲೆ ಉಳಿದರ್ಧ ತಿರುಗಿಸಿದಳು.

ಒಮ್ಮೆ ಗರಗರ ಎಂದಿತು, ಅಷ್ಟೆ. ಎರಡನೆಯದಕ್ಕೆ ಎಡೆಯಿಲ್ಲದಂತೆ ಎಂಜಿನ್ ಹಿಡಿದುಕೊಂಡಿತು. ಮೊದಲು ಒರಟಾಗಿ, ಆಮೇಲೆ ಗಂಟಲು ಸರಿಮಾಡಿಕೊಂಡು ಒಂದೇ ದನಿಯಲ್ಲಿ. ಕಿಟಕಿಯ ಗಾಜು ಅದರೊಡನೆ ಅದುರಿತು. ದೆರ್ನಾ ಎರಡೂ ಕೈ ಸ್ಟಿಯರಿಂಗಿನ ಮೇಲಿಟ್ಟು ಕೂತಿದ್ದಳು. ಯಾರ ಕಡೆಗೂ ನೋಡಲಿಲ್ಲ. ಮಿರ್ಕಾ ಬೆನ್ನ ಹಿಂದೆ ಕಟ್ಟಿಕೊಂಡ ಕೈಗಳನ್ನು ಬಿಡಿಸಿಕೊಂಡಳು.

ವಿಲ್ಮೆರ್ ಸಹಿ ಬೀಳದ ಕಡತವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ನಡೆದು ಹೋಗಿ, ಗ್ಯಾರೇಜಿನ ಬಾಗಿಲ ಇನ್ನೊಂದು ರೆಕ್ಕೆಯ ಅಗುಳಿ ತೆಗೆದು, ಅದನ್ನು ಗೋಡೆಗೆ ತಾಗುವವರೆಗೂ ತೆರೆದ.